ಯಾವುದಕ್ಕೆ ಹೌದು?

ಬದಲಿ ಆಟಗಾರನಾಗಿ ಬೆಂಚಿನಿಂದ ಎದ್ದು ಬರುವ ಯೆನ್-ಟಿಂಗ್ ಅಂಗಳದಲ್ಲಿ ಒಂದು ದಿನ ಹುಲಿ, ಮರುದಿನ ಇಲಿ. ಮೊನ್ನೆಯ ಪಂದ್ಯದಲ್ಲಿ ಇಪ್ಪತ್ತು ಅಂಕ, ನಿನ್ನೆ ಸೊನ್ನೆ. ಇದರಿಂದ ತಲೆಕೆಟ್ಟುಹೋದ ಬಾಸ್ಕೆಟ್‌ಬಾಲ್ ಕೋಚ್ ಝುವಾಂಗ್ ಮಾಜು ದೇವಿಯ ಮುಂದೆ ಮಂಡಿಯೂರಿ, ಪ್ರಶ್ನೆ ಕೇಳಲು ಬಳಸುವ ಎರಡು ಮರದ ತುಂಡುಗಳನ್ನು ಎಸೆದ. ಒಂದು ಅಂಗಾತ ಬಿತ್ತು, ಒಂದು ಬೋರಲು. ಹಾಗೆ ಬಿದ್ದರೆ ದೇವಿ ಹೌದೆಂದಂತೆ. ಸದ್ಯ, ಹುಡುಗ ಉಳಿದ ಎಂದು ಝುವಾಂಗ್ ನೆಮ್ಮದಿಯ ಉಸಿರುಬಿಟ್ಟ.

"ಏನಂತ ಕೇಳ್ದೆಯೋ?" ಎಂದಳು ಗುಡಿ ಗುಡಿಸುತ್ತಿದ್ದ ಮುದುಕಿ.

"ಆ ಹುಡುಗನ್ನ ಟೀಮಲ್ಲಿ ಇಟ್ಕೊಳ್ಲಾ, ಬಿಡ್ಲಾ ಅಂತ, ಅಜ್ಜಿ."

"ಥೂ ದಡ್ಡ! ಎರಡೂ ಒಟ್ಟಿಗೆ ಕೇಳಿದ್ರೆ ಯಾವುದಕ್ಕೆ ಹೌದು ಅಂದ್ಲೋ ಏನು ಗೊತ್ತು? ಇನ್ನೊಂದ್ಸಲ ಎಸಿ."

ತುಂಡುಗಳನ್ನು ಎತ್ತಿಕೊಂಡು ಎಸೆಯಲು ಹೊರಟ ಝುವಾಂಗ್ ಅಲ್ಲೇ ತಡೆದ. ಮೆಲ್ಲಗೆ ಅವನ್ನು ಬುಟ್ಟಿಗೆ ಹಾಕಿ ಎದ್ದ.

"ಬೇಡ ಬಿಡಜ್ಜಿ. ಹುಡುಗ ಉಳಿದ ಅಂತ ನಾನು ಆಗ್ಲೇ ನೆಮ್ಮದಿಯಾಗಿ ಉಸಿರು ಬಿಟ್ಟಾಯ್ತು."