ನಾಚಿಕೆಬುರುಕಿ, ಬಾಯಿಬಡುಕಿ

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನನ್ನ ಚಿಕ್ಕಮ್ಮನ ಮೂವತ್ತೊಂದು ವರ್ಷದ ಕೆಲಸವನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲು ಮಾಡಿದೆ. ಅದೂ ಹತ್ತು ಜನರೆದುರು, ನಗುನಗುತ್ತ.

ಚಿಕ್ಕಮ್ಮ, ಅಂದರೆ ನನ್ನ ಅಮ್ಮನ ತಂಗಿ, ನಮ್ಮ ಸಂಸ್ಥೆಯಲ್ಲಿ ಚಿಪ್ಪು ಆಯುವ ಕೆಲಸದವಳು. ಸಮುದ್ರದ ತಳದಿಂದ ತಂದ ಕೆಸರನ್ನು ತೊಳೆದು ಜರಡಿ ಹಿಡಿದರೆ ಮರಳಿನಂಥ ಪುಡಿ ಉಳಿಯುತ್ತದೆ. ಅದರಲ್ಲಿ ಅರ್ಧ ಮರಳೇ ಅಲ್ಲ, ಒಂದೇ ಜೀವಕೋಶದ ಪ್ರಾಣಿಗಳು ಕಟ್ಟಿಕೊಂಡ ಚಿಪ್ಪುಗಳು. ಚಿಕ್ಕಮ್ಮ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ನಾಲ್ಕೇ ಕೂದಲಿನ ಕುಂಚವನ್ನು ನಾಲಿಗೆಯ ತುದಿಗೆ ತಾಗಿಸಿ, ಒಂದೊಂದನ್ನೇ ಎತ್ತಿ ಜಾತಿವಾರು ಸ್ಲೈಡುಗಳಿಗೆ ಅಂಟಿಸುತ್ತಿದ್ದಳು. ಓದಿದ್ದು ಹತ್ತನೇ ತರಗತಿ. ಪುಸ್ತಕದ ಉದ್ದುದ್ದ ಹೆಸರುಗಳು ಬಾಯಿಗೆ ಬರುತ್ತಿರಲಿಲ್ಲವಾದ್ದರಿಂದ ಎಲ್ಲಕ್ಕೂ ತಾನೇ ನಾಮಕರಣ ಮಾಡಿದ್ದಳು. ಚಿಕ್ಕಂದಿನಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಚಿಪ್ಪು ತೋರಿಸಿದವಳು ಅವಳೇ. ಆ ಹುಚ್ಚು ಹತ್ತಿಯೇ ನಾನು ಡಾಕ್ಟರೇಟ್ ಮಾಡಿ, ಅದೇ ಸಂಸ್ಥೆಯ ಡಿಎನ್‌ಎ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಬಂದದ್ದು.

ಜಗಳ ಹುಟ್ಟಿದ್ದು ಒಂದು ಜಾತಿಯ ವಿಷಯಕ್ಕೆ. ಪುಸ್ತಕಗಳಲ್ಲೆಲ್ಲ ಅದು ಒಂದೇ. ಚಿಕ್ಕಮ್ಮ ಮಾತ್ರ ಅಲ್ಲ, ಇವು ಎರಡು ಎಂದು ಪಟ್ಟು ಹಿಡಿದು, ಒಂದಕ್ಕೆ ನಾಚಿಕೆಬುರುಕಿ, ಇನ್ನೊಂದಕ್ಕೆ ಬಾಯಿಬಡುಕಿ ಎಂದು ಹೆಸರಿಟ್ಟು, ಬೇರೆ ಬೇರೆ ಡ್ರಾಯರಿನಲ್ಲಿ ಇಡುತ್ತಿದ್ದಳು. ವ್ಯತ್ಯಾಸವೇನು ಎಂದರೆ, ಬಾಯಿಯ ಹತ್ತಿರ ಏನೋ ಇದೆ, ನೋಡಿದರೆ ಗೊತ್ತಾಗುತ್ತೆ ಎನ್ನುತ್ತಿದ್ದಳು. ನಾನು ಕಣ್ಣು ನೋಯುವವರೆಗೆ ನೋಡಿದೆ. ಏನೂ ಗೊತ್ತಾಗಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ಕೆಸರಿನ ಜೊತೆ ಜೀವಂತವಾಗಿ ಬಂದ ಪ್ರಾಣಿಗಳಿದ್ದರೆ ಡಿಎನ್‌ಎ ಪರೀಕ್ಷೆ ಮಾಡಬಹುದು. ಆದರೆ ಪ್ರಾಣಿಯನ್ನು ಚಿಪ್ಪಿನ ಸಮೇತ ಅರೆಯಬೇಕು, ಆಮೇಲೆ ಏನೂ ಉಳಿಯುವುದಿಲ್ಲ. ಆದ್ದರಿಂದ ಮೊದಲು ಫೋಟೊ ತೆಗೆಯಬೇಕು. ಅದಕ್ಕೂ ಮೊದಲು ಶುದ್ಧ ನೀರಿನಲ್ಲಿ ಮೂರು ದಿನ ಉಪವಾಸ ಇಡಬೇಕು. ಇಲ್ಲದಿದ್ದರೆ ಅದು ತಿಂದದ್ದರ ಡಿಎನ್‌ಎ ಕೂಡ ಸೇರಿಬಿಡುತ್ತದೆ. ಈ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದು ಪ್ರಯೋಗಾಲಯದ ಗೋಡೆಗೆ ಅಂಟಿಸಿದವಳು ನಾನೇ. ಆ ಸಲ ಪ್ರಾಣಿಗಳು ಬಂದದ್ದು ಗುರುವಾರ, ಇವು ಒಂದೋ ಎರಡೋ ಎಂದು ತೀರ್ಮಾನಿಸುವ ಸಂಸ್ಥೆಯ ಸಮಿತಿಯ ಸಭೆ ಇದ್ದದ್ದು ಸೋಮವಾರ. ಒಂದು ಸಲಕ್ಕೇನಾಗುತ್ತೆ ಎಂದು ಅವತ್ತೇ ಅರೆದೆ. ಚಿಕ್ಕಮ್ಮ ಬೇರೆ ಬೇರೆ ಮಾಡಿಕೊಟ್ಟಿದ್ದ ಎರಡಕ್ಕೂ ಒಂದೇ ಉತ್ತರ ಬಂತು.

ಸಭೆಯಲ್ಲಿ ಚಿಕ್ಕಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮನೆಯಲ್ಲಿ ಅವಳನ್ನು ನೀನು ಎನ್ನುವ ನಾನು ಅಲ್ಲಿ ನೀವು ಎಂದೆ.

“ನಿಮಗೆ ಎರಡು ಕಾಣ್ತಿದ್ರೆ, ಕನ್ನಡಕ ಬದಲಾಯಿಸಿದ್ರೆ ಸಾಕು ಅನ್ಸುತ್ತೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಚಿಕ್ಕಮ್ಮನೂ ನಕ್ಕಳು, ನಗಲೇಬೇಕಲ್ಲ. ಜಾಗ ಉಳಿಸಲು ಎರಡು ಡ್ರಾಯರುಗಳನ್ನೂ ಒಂದು ಮಾಡಬೇಕೆಂದು ಆದೇಶ ಬರೆದವಳು ನಾನು. ಮಾಡಿದವಳು ಅವಳು. ಮೂವತ್ತೊಂದು ವರ್ಷದ ಅಂಟನ್ನು ಅದೇ ಕುಂಚದಿಂದ ನೆನೆಸಿ, ಸಾವಿರಾರು ಚಿಪ್ಪುಗಳನ್ನು ಎಬ್ಬಿಸಿ, ಒಂದರೊಳಗೊಂದು ಬೆರೆಸಿದಳು. ಮೂರು ತಿಂಗಳು ಹಿಡಿಯಿತು. ಒಂದು ದಿನವೂ ಗೊಣಗಲಿಲ್ಲ.

ಇದಾಗಿ ಎರಡು ವರ್ಷದ ಮೇಲೆ, ಈ ಸಲದ ಕೆಸರಿನಲ್ಲಿ ಅವೇ ಪ್ರಾಣಿಗಳು ಮತ್ತೆ ಬಂದವು. ಡಿಎನ್‌ಎ ಓದುವ ಯಂತ್ರ ಕೆಟ್ಟು ಕೂತಿತ್ತು. ರಿಪೇರಿಯವನು ಬರುವವರೆಗೆ ಐದು ದಿನ ಅವು ಬಟ್ಟಲಿನ ಶುದ್ಧ ನೀರಿನಲ್ಲಿ ತಾವಾಗಿಯೇ ಉಪವಾಸ ಬಿದ್ದವು. ನನ್ನ ಜಾಣತನ ಇದರಲ್ಲಿ ಕಾಸಿನಷ್ಟೂ ಇಲ್ಲ. ಇಪ್ಪತ್ತರ ಫೋಟೊ ತೆಗೆದು ಅರೆದೆ. ಉತ್ತರವನ್ನು ಎರಡೆರಡು ಸಲ ಓದಿದೆ. ಹನ್ನೊಂದು ಒಂದು ಜಾತಿ, ಒಂಬತ್ತು ಇನ್ನೊಂದು. ಅಂದರೆ ಒಂದು ಜಾತಿ ಇನ್ನೊಂದರ ಮರಿಗಳನ್ನು ತಿನ್ನುತ್ತದೆ. ಎರಡು ವರ್ಷದ ಹಿಂದೆ ನಾನು ಓದಿದ್ದು ಅದರ ಹೊಟ್ಟೆಯಲ್ಲಿದ್ದ ಆ ಮರಿಗಳ ಡಿಎನ್‌ಎ.

ಒಂಬತ್ತು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅವಳ ಕೋಣೆಯ ಮುಂದೆ ಹಾದುಹೋಗಬೇಕಾಗುತ್ತದೆಂದು ಹಿಂದಿನ ಮೆಟ್ಟಿಲಿನಿಂದ ಓಡಾಡಿದೆ. ಅವಳು ನಿವೃತ್ತಿಯಾಗಲು ನಾಲ್ಕು ತಿಂಗಳಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯದು ಎಂದೂ ಲೆಕ್ಕ ಹಾಕಿದೆ, ನನ್ನ ಯೋಗ್ಯತೆ ಅಷ್ಟು. ಹತ್ತನೆಯ ದಿನ ಬೆಳಗ್ಗೆ ಹೋಗಿ ಎದುರಿಗೆ ಕೂತು ಎಲ್ಲ ಹೇಳಿದೆ.

ಚಿಕ್ಕಮ್ಮ ಕುಂಚ ಕೆಳಗಿಟ್ಟಳು.

“ಅವತ್ತು ಎಷ್ಟು ದಿನ ಉಪವಾಸ ಇಟ್ಟಿದ್ದೆ?”

“ಇಟ್ಟಿರಲಿಲ್ಲ ಚಿಕ್ಕಮ್ಮ.”

“ಬಾಯಿಬಡುಕಿ ನಾಚಿಕೆಬುರುಕಿಯ ಮರಿ ತಿನ್ನೋದನ್ನ ನಾನು ಎಷ್ಟೋ ಸಲ ನೋಡಿದ್ದೆ ಕಣೆ. ಹೇಳೋಣ ಅಂತ ಬಾಯಿವರೆಗೂ ಬಂದಿತ್ತು. ಅಷ್ಟು ಓದಿರೋಳಿಗೆ ಇಷ್ಟು ಗೊತ್ತಿರಲ್ವಾ ಅಂತ ಸುಮ್ಮನಾದೆ.”

ಬೈದಿದ್ದರೆ ಉಸಿರು ಬರುತ್ತಿತ್ತು. ಬೈಯಲಿಲ್ಲ. ಬೆರೆಸಿದ್ದನ್ನು ಬೇರ್ಪಡಿಸಿದರಾಯಿತು, ನಾಲ್ಕು ತಿಂಗಳು ಸಾಕು ಎಂದಳು. ಅವಳಿಗೆ ಸಂತೋಷವಾಗಲಿ ಎಂದು ನಾನು ಆ ಇಪ್ಪತ್ತು ಫೋಟೊಗಳನ್ನು ಮೇಜಿನ ಮೇಲೆ ಹರಡಿದೆ. ಪ್ರತಿಯೊಂದರ ಉತ್ತರವೂ ನನ್ನ ಕೈಯಲ್ಲಿದ್ದ ಹಾಳೆಯಲ್ಲಿತ್ತು. ಇವುಗಳಲ್ಲಿ ಯಾವುದು ಯಾವುದು ಹೇಳು ನೋಡೋಣ ಎಂದೆ, ಮಗುವಿನ ಹಾಗೆ.

ಮೊದಲಾಗಿದ್ದರೆ ಅವಳ ಕೈ ಸರಸರನೆ ಓಡುತ್ತಿತ್ತು. ಈಗ ಒಂದೊಂದನ್ನೂ ಬೆಳಕಿಗೆ ಹಿಡಿದು, ಎಡಕ್ಕಿಟ್ಟು, ಮತ್ತೆ ತೆಗೆದು ಬಲಕ್ಕಿಟ್ಟಳು. ಯಾಕೆ ಇಷ್ಟು ಹೊತ್ತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವಳೇ ಹೇಳಿದಳು.

“ನೀನು ಒಂದೇ ಅಂದ್ಮೇಲೆ ದಿನಾ ನೋಡಿ ನೋಡಿ, ಒಂದೇ ಅಂತ ಕಣ್ಣಿಗೆ ಒಪ್ಪಿಸಿಬಿಟ್ಟೆ. ಅದೇನು ಸುಲಭ ಇತ್ತೇನೆ?”

ಹಾಳೆಯ ಜೊತೆ ತಾಳೆ ನೋಡಿದೆ. ಇಪ್ಪತ್ತರಲ್ಲಿ ಹತ್ತು ಸರಿ. ಕಣ್ಣು ಕಟ್ಟಿಕೊಂಡು ಇಟ್ಟಿದ್ದರೂ ಅಷ್ಟು ಸರಿಯಾಗುತ್ತಿತ್ತು. ಲೋಕದಲ್ಲಿ ಈ ಎರಡನ್ನು ನೋಡಿ ಹೇಳಬಲ್ಲ ಕಣ್ಣು ಒಂದೇ ಒಂದು ಇತ್ತು, ಅದನ್ನು ನಾನು ಹಾಳು ಮಾಡಿದ್ದೆ. ಒಳಗೆ ಜೀವವಿಲ್ಲದ ಆ ಸಾವಿರಾರು ಚಿಪ್ಪುಗಳಿಗೆ ನನ್ನ ಯಂತ್ರವೂ ಪ್ರಯೋಜನಕ್ಕಿಲ್ಲ.

ಎಷ್ಟು ಸರಿ ಎಂದು ಕೇಳಿದಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಹತ್ತೊಂಬತ್ತು,” ಎಂದೆ.

ಚಿಕ್ಕಮ್ಮ ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡಳು. ನನ್ನ ಕಣ್ಣಿಗೇನೂ ಆಗಿಲ್ಲ ಹಾಗಾದರೆ ಎಂದು ಎರಡು ಸಲ ಹೇಳಿಕೊಂಡಳು. ಆ ಕ್ಷಣವೇ ಡ್ರಾಯರ್ ಎಳೆದು, ಮೊದಲ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಕುಂಚ ಕೈಗೆತ್ತಿಕೊಂಡಳು. ಸುಳ್ಳು ಎಂದು ಹೇಳಲು ಆಗಲೂ ಸಮಯವಿತ್ತು. ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ, ಮತ್ತೆ ಹೋದೆ.

ಸಂಜೆ ಕರೆದಳು. ಎರಡು ಸ್ಲೈಡುಗಳು ತಯಾರಾಗಿದ್ದವು, ಒಂದರಲ್ಲಿ ನಲವತ್ತು ಚಿಪ್ಪು, ಇನ್ನೊಂದರಲ್ಲಿ ಮೂವತ್ತಾರು, ಸಾಲಾಗಿ, ಅಚ್ಚುಕಟ್ಟಾಗಿ. ಲೇಬಲಿನ ಕೆಳಗೆ ಪರಿಶೀಲಿಸಿದವರು ಎಂಬಲ್ಲಿ ಜಾಗ ಬಿಟ್ಟಿದ್ದಳು.

“ನಿನ್ನ ಸಹಿ ಇದ್ರೆ ಇನ್ಯಾರೂ ನಗಲ್ಲ,” ಎಂದು ಪೆನ್ನು ಕೊಟ್ಟಳು.

ನಾನು ಎರಡಕ್ಕೂ ಸಹಿ ಹಾಕಿದೆ.