ಏಳುನೂರ ಅರವತ್ತೈದು

"ಬಿಡ್ತೀಯೋ ಇಲ್ವೋ ಅದನ್ನ?"

ಶಾರ್ಶೆನ್ ನೋಟುಪುಸ್ತಕವನ್ನು ಜಗ್ಗಿದ. ಅಣ್ಣನ ಮಗಳು ಬುರುಲ್ ಬಿಡಲಿಲ್ಲ. ಅಂಗಳದ ಉಣ್ಣೆ ಗುಡಾರದಲ್ಲಿ ಅವಳ ಅಪ್ಪ ಇಸಾಬೆಕ್‌ನ ಹೆಣವಿತ್ತು.

"ಬೆಟ್ಟದೂರಿನ ಆಸ್ಪತ್ರೆಗೆ ಮುಟ್ಟಿಸು ಅಂತ ಅಪ್ಪ ನನ್ನ ಕೈಗೇ ಕೊಟ್ಟಿದ್ದು, ಚಿಕ್ಕಪ್ಪ."

"ಜ್ವರದಲ್ಲಿ ಏನೋ ಅಂದ. ಇನ್ನೊಂದು ಗಂಟೇಲಿ, ಹೂಳೋಕೆ ಒಯ್ಯೋ ಮುಂಚೆ, ಮುಲ್ಲಾ ಕೇಳ್ತಾರೆ, ಈತ ಎಂಥ ಮನುಷ್ಯ ಅಂತ. ಇಡೀ ಬೀದಿ ಒಳ್ಳೆಯವನು ಅನ್ನುತ್ತೆ. ಅದಕ್ಕೆ ಮಣ್ಣು ಹಾಕೋಕೆ ಹೊರಟಿದ್ದೀಯ."

"ಮೆತ್ತಗೆ ಜಗಳಾಡ್ರೋ," ಎಂದಳು ನೆರೆಮನೆಯ ಮುದುಕಿ ಕಾನಿಂಬುಬು. "ಸಾವಿನ ಊಟಕ್ಕೆ ಕುದುರೆ ಕೊಯ್ಯೋರು ಕತ್ತಿ ನಿಲ್ಲಿಸಿ ಕೇಳ್ತಾವ್ರೆ."

*

ಇಸಾಬೆಕ್ ಮೂವತ್ತು ವರ್ಷ ಅಳತೆಯ ಸಂಸ್ಥೆಯಲ್ಲಿದ್ದ. ಕ್ಯಾನ್ಸರ್ ಸುಡುವ ಯಂತ್ರದಿಂದ ಎಷ್ಟು ವಿಕಿರಣ ಬರುತ್ತದೆಂದು ಅಳೆಯುವುದು ಅವನ ಕೆಲಸ. ಬೆಟ್ಟದ ಮೇಲೆ ಗಾಳಿ ತೆಳು. ಅಲ್ಲಿ ಅಳತೆಯ ಉಪಕರಣ ಕಡಿಮೆ ತೋರಿಸುತ್ತದೆ. ಆ ಜಾಗದ ಗಾಳಿಯ ಒತ್ತಡ ಹಾಕಿ ಲೆಕ್ಕ ಸರಿಮಾಡಬೇಕು.

ಎರಡು ವರ್ಷದ ಹಿಂದೆ ಬೆಟ್ಟದೂರಿನ ಆಸ್ಪತ್ರೆಗೆ ಹೋಗುವಾಗ ಕಣಿವೆಯ ದಾರಿಯಲ್ಲಿ ಜೀಪು ಕುಲುಕಿ ಅವನ ಒತ್ತಡಮಾಪಕ ಒಡೆಯಿತು. ಹವಾಮಾನ ಕಚೇರಿಗೆ ಫೋನು ಮಾಡಿದ. ಏಳುನೂರ ಅರವತ್ತೈದು ಮಿಲಿಮೀಟರ್ ಎಂದಳು ಅಲ್ಲಿನ ಹುಡುಗಿ. ಅದು ಸಮುದ್ರಮಟ್ಟದಲ್ಲಿ ಎಷ್ಟಿರುತ್ತಿತ್ತೆಂದು ಲೆಕ್ಕಹಾಕಿ ರೇಡಿಯೊದಲ್ಲಿ ಓದುವ ಸಂಖ್ಯೆ. ಆ ಸಂಖ್ಯೆ ಮುಟ್ಟಬೇಡಿ ಎಂದು ಶಿಷ್ಯರನ್ನು ಬೈದೇ ಬದುಕಿದವನು, ಹಿಮ ಬಿದ್ದು ದಾರಿ ಮುಚ್ಚೀತೆಂಬ ಅವಸರದಲ್ಲಿ ಅದನ್ನೇ ಬರೆದ. ಬೆಟ್ಟದೂರಿನ ನಿಜವಾದ ಒತ್ತಡ ಆರುನೂರಕ್ಕೂ ಕಡಿಮೆ. ಯಂತ್ರ ಸೊರಗಿದೆ ಎಂದು ಲೆಕ್ಕ ಬಂತು. ವಿಕಿರಣ ಏರಿಸಿದರು.

ಹನ್ನೊಂದು ತಿಂಗಳು ನಲವತ್ತಮೂರು ಜನ ಕಾಲುಭಾಗ ಹೆಚ್ಚು ವಿಕಿರಣದ ಕೆಳಗೆ ಮಲಗಿದರು. ಮರುವರ್ಷ ಹೊಸ ಮಾಪಕ ಒಯ್ದಾಗ ಅವನಿಗೆ ತಿಳಿಯಿತು. ಸದ್ದಿಲ್ಲದೆ ಯಂತ್ರ ಇಳಿಸಿದ. ನೋಟುಪುಸ್ತಕದಲ್ಲಿ ಎಲ್ಲ ಬರೆದು, 'ತಪ್ಪು ನನ್ನದು' ಎಂದು ಸಹಿ ಹಾಕಿದ. ಯಾರಿಗೂ ತೋರಿಸಲಿಲ್ಲ.

*

"ಸತ್ತೋರು ಸತ್ತರು," ಎಂದ ಶಾರ್ಶೆನ್. "ಪುಸ್ತಕ ಕೊಟ್ರೆ ಎದ್ದು ಬರ್ತಾರಾ?"

"ನಲವತ್ತಮೂರರಲ್ಲಿ ಇಪ್ಪತ್ತಾರು ಜನ ಇನ್ನೂ ಬದುಕಿದ್ದಾರೆ. ಸುಟ್ಟ ಗಾಯ ಯಾಕೆ ಒಣಗ್ತಿಲ್ಲ ಅಂತ ಡಾಕ್ಟರಿಗೂ ಗೊತ್ತಿಲ್ಲ. ರೋಗ ಮರಳಿತು ಅಂತ ಮತ್ತೆ ಅದೇ ಯಂತ್ರದ ಕೆಳಗೆ ಮಲಗಿಸ್ತಿದ್ದಾರೆ."

"ನಾಳೆ ಹೋಗು."

"ನಾಳೆ ಹೊತ್ತಿಗೆ ನೀನಿದನ್ನ ಒಲೆಗೆ ಹಾಕಿರ್ತೀಯ."

ಅವನು ಮತ್ತೆ ಪುಸ್ತಕಕ್ಕೆ ಕೈ ಹಾಕಿದ.

ಅಂಗಳದಲ್ಲಿ ಗಂಡಸರು ಕೊನೆಯ ನಮಾಜಿಗೆ ಸಾಲು ನಿಂತರು. ಬುರುಲ್ ಗುಡಾರದ ಬಾಗಿಲಲ್ಲಿ ರಾಶಿಬಿದ್ದ ಬೂಟುಗಳಲ್ಲಿ ತನ್ನ ಜೋಡಿ ಹುಡುಕುತ್ತಿದ್ದಳು.

"ಅಪ್ಪನಿಗೆ ಅಳದೆ ಹೋಗೋ ಮಗಳು ತಿರುಗಿ ಈ ಬಾಗಿಲಿಗೆ ಬರಬಾರದು," ಎಂದ ಶಾರ್ಶೆನ್, ಹಲ್ಲು ಕಚ್ಚಿ.

ಅವಳು ಬೂಟಿನ ದಾರ ಕಟ್ಟಿದಳು.

"ಈತ ಎಂಥ ಮನುಷ್ಯನಾಗಿದ್ದ?" ಮುಲ್ಲಾ ಕೇಳಿದರು.

"ಒಳ್ಳೆಯವನು," ಎಂದಿತು ಸಾಲು. ಶಾರ್ಶೆನ್‌ನ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ಆ ಸಾಲಿನ ಹಿಂದಿನಿಂದಲೇ ಬುರುಲ್ ನೋಟುಪುಸ್ತಕವನ್ನು ಕೋಟಿನೊಳಗೆ ಒತ್ತಿಕೊಂಡು ಬೆಟ್ಟದೂರಿನ ಬಸ್ಸಿಗೆ ನಡೆದಳು.

ನಲವತ್ತನೆಯ ದಿನದ ಊಟಕ್ಕೆ ಹೆಂಗಸರು ಮತ್ತೆ ಕೂಡಿದರು. ಮಗಳು ಕೂರಬೇಕಾದ ಜಾಗವನ್ನು ಬಿಟ್ಟು ಕೂತರು. ಕಾನಿಂಬುಬು ಅಲ್ಲೊಂದು ಬಟ್ಟಲು ಹಾಲು ಚಹಾ ಇಟ್ಟಳು. ಅದು ಆರಿ, ಮೇಲೆ ಕೆನೆ ಕಟ್ಟಿತು.