ಬುಧವಾರದ ಪರೀಕ್ಷೆ

ಹೊಲಿಗೆ ಮೆಷಿನ್ ರಿಪೇರಿ ಮಾಡುವವನು ಗಂಡ, ಅದನ್ನು ವಿಡಿಯೋ ಮಾಡುವವಳು ಹೆಂಡತಿ. ಒಂಬತ್ತು ವರ್ಷದಿಂದ ಪ್ರತಿ ಗುರುವಾರ ಇವರ ಚಾನೆಲ್ಲಿನಲ್ಲಿ ಒಂದು ವಿಡಿಯೋ ಬರುತ್ತಿತ್ತು. ಜ್ವರ ಬಂದ ವಾರವೂ ಬಂದಿದೆ, ಅಂಗಡಿಯ ಸೂರು ಸೋರಿದ ವಾರವೂ ಬಂದಿದೆ. ಗಂಡ ಹೆಂಡತಿ ಮಾತು ಬಿಟ್ಟ ವಾರವಂತೂ ಇನ್ನೂ ಚೆನ್ನಾಗಿ ಬಂದಿದೆ, ಯಾಕೆಂದರೆ ಆ ವಾರ ಮಾತಿನ ಗದ್ದಲವೇ ಇರಲಿಲ್ಲ. ಗಂಡನನ್ನು ಬೀದಿಯವರೆಲ್ಲ 'ರಿಪೇರಿ' ಎಂದೇ ಕರೆಯುತ್ತಿದ್ದರು. ಹೆಂಡತಿಗೆ ನಲವತ್ತಾರು ತುಂಬಿತ್ತು. ಆದರೂ ಅವಳ ಅಕ್ಕನಿಗೆ ಅವಳು ಪುಟ್ಟಿ, ಹಾಗಾಗಿ ನಮಗೂ ಪುಟ್ಟಿಯೇ.

ಇವರ ವಿಡಿಯೋದಲ್ಲಿ ಢಣಢಣ ಸಂಗೀತವಿಲ್ಲ, 'ದಯವಿಟ್ಟು ಕೊನೆಯವರೆಗೂ ನೋಡಿ' ಎಂಬ ಗೋಗರೆತವಿಲ್ಲ. ಕೆಟ್ಟ ಮೆಷಿನ್ ಒಂದು, ಕೈ ಎರಡು. ನೋಡಿದವರ ಮೆಷಿನ್ ಸರಿಹೋಗುತ್ತಿತ್ತು. ಅದಕ್ಕೆಲ್ಲ ತನ್ನ ಕೈಚಳಕವೇ ಕಾರಣ ಎಂದು ರಿಪೇರಿ ನಂಬಿದ್ದ. ಗಂಡಸರು ಏನೇನೋ ನಂಬುತ್ತಾರೆ, ಬಿಡಿ. ನಿಜವಾದ ಕಾರಣ ಬುಧವಾರದ ಪರೀಕ್ಷೆ.

ಪರೀಕ್ಷೆ ಹೀಗೆ. ವಿಡಿಯೋ ಮಂಗಳವಾರ ಸಂಜೆಗೆ ಸಿದ್ಧವಾಗಬೇಕು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕ ಬರುತ್ತಾಳೆ. ಅವಳ ಮುಂದೆ ಒಂದು ಮೆಷಿನ್, ವಿಡಿಯೋದಲ್ಲಿ ಇರುವ ತೊಂದರೆಯನ್ನೇ ಬೇಕೆಂದು ಅದಕ್ಕೂ ಮಾಡಿಟ್ಟಿರುತ್ತಾರೆ. ಪಕ್ಕದಲ್ಲಿ ವಿಡಿಯೋ ಓಡುತ್ತದೆ, ಸದ್ದಿಲ್ಲದೆ. ಟೈಲರ್ ಅಂಗಡಿಯ ಗಲಾಟೆಯಲ್ಲಿ ಮಾತು ಯಾರ ಕಿವಿಗೆ ಬೀಳುತ್ತದೆ? ಬರೀ ನೋಡಿಕೊಂಡೇ ಅಕ್ಕ ಅದನ್ನು ಸರಿಮಾಡಬೇಕು. ಗಂಡ ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಲ್ಲಬೇಕು. ಅಕ್ಕ ಎಲ್ಲಿ ತಡವರಿಸಿದಳೋ ಅಲ್ಲಿನ ನಿಮಿಷ ಬರೆದುಕೊಂಡು ಆ ಭಾಗವನ್ನು ಮತ್ತೆ ಚಿತ್ರೀಕರಿಸಬೇಕು. ಅಕ್ಕನ ಮೆಷಿನ್ ಚಿಂದಿ ಬಟ್ಟೆಯ ಮೇಲೆ ಒಂದು ಗೆರೆ ನೆಟ್ಟಗೆ ಹೊಲಿಯುವ ತನಕ ವಿಡಿಯೋ ಮನೆ ಬಿಟ್ಟು ಹೊರಡುವ ಹಾಗಿಲ್ಲ.

ಈ ಪರೀಕ್ಷೆ ಹುಟ್ಟಿದ್ದು ಗುಣಮಟ್ಟಕ್ಕಾಗಿಯೇನೂ ಅಲ್ಲ. ಚಾನೆಲ್ ಶುರುವಾದ ವರ್ಷ ಅಕ್ಕನ ಗಂಡ ತೀರಿಕೊಂಡಿದ್ದ. ಆಸ್ಪತ್ರೆಯ ಫೈಲು ಕೋಣೆಯಲ್ಲಿ ಮೂವತ್ತು ವರ್ಷ ದುಡಿದ ಅಕ್ಕ ಕೆಲಸ ಬಿಟ್ಟು ಮನೆ ಸೇರಿದವಳು ಹೊರಗೆ ತಲೆ ಹಾಕಲಿಲ್ಲ. ಊಟಕ್ಕೆ ಕರೆದರೆ ತಲೆನೋವು, ಸುತ್ತಾಡಲು ಕರೆದರೆ ಕಾಲುನೋವು. ಕೊನೆಗೆ ಪುಟ್ಟಿ ಒಂದು ಸುಳ್ಳು ಹೊಸೆದಳು. "ಅಕ್ಕಾ, ನಮ್ಮ ಚಾನೆಲ್‌ಗೆ ಮೆಷಿನ್ ಬಗ್ಗೆ ಏನಂದ್ರೆ ಏನೂ ಗೊತ್ತಿಲ್ಲದವರು ಒಬ್ರು ಬೇಕೇ ಬೇಕು. ನಿನ್ನಷ್ಟು ಗೊತ್ತಿಲ್ಲದವರು ಈ ಊರಲ್ಲೇ ಸಿಗಲ್ಲ."

ಅದು ಮಾತ್ರ ಅಪ್ಪಟ ನಿಜ. ಅಕ್ಕ ತನ್ನ ಗುಂಡಿಗಳನ್ನೂ ತಂಗಿಯ ಕೈಯಲ್ಲೇ ಹಾಕಿಸಿಕೊಳ್ಳುತ್ತಿದ್ದವಳು. ಸಿಡಿಮಿಡಿ ಎನ್ನುತ್ತಲೇ ಬಂದಳು, ಕೆಳಗಿನ ದಾರ ಸುತ್ತಿದ ಬಾಬಿನ್ ಹಾಕುವುದಕ್ಕೆ ಒಂದೂವರೆ ಗಂಟೆ ಒದ್ದಾಡಿದಳು, "ಇದೇನು ವಿಡಿಯೋನೋ ಕಣ್ಕಟ್ಟೋ" ಎಂದು ಇಬ್ಬರನ್ನೂ ಬೈದಳು. ಮುಂದಿನ ಬುಧವಾರ ಹತ್ತಕ್ಕೆ ಮುಂಚೆಯೇ ಬಾಗಿಲಲ್ಲಿದ್ದಳು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಿದ್ದಳು. ಮೆಷಿನ್ ಮುಂದೆ ಕೂತ ಅವಳ ಬೆನ್ನು ನೋಡುತ್ತ ಪುಟ್ಟಿ ಅಡುಗೆಮನೆಯಲ್ಲಿ ನಿಂತು ಅತ್ತಳು.

ಹೀಗೆ ನಾನೂರ ಅರವತ್ತಕ್ಕೂ ಹೆಚ್ಚು ಬುಧವಾರಗಳು ಕಳೆದವು. ಸುಳ್ಳಿಗೆ ಹುಟ್ಟಿದ ಪರೀಕ್ಷೆ ಚಾನೆಲ್ಲಿನ ಬೆನ್ನೆಲುಬಾಯಿತು. ಆದರೆ ಅಷ್ಟು ವರ್ಷ ಪರೀಕ್ಷೆ ಬರೆದವರು ಪಾಠ ಕಲಿಯದೇ ಇರುತ್ತಾರೆಯೇ ಎಂದು ಈ ಜಾಣ ಗಂಡ ಹೆಂಡತಿಗೆ ಹೊಳೆಯಲೇ ಇಲ್ಲ.

ಹೊಳೆಸಿದವಳು ಮನೆಯಲ್ಲೇ ಹೊಲಿಗೆ ಮಾಡುವ ಒಬ್ಬ ಹೆಂಗಸು. ಬಟ್ಟೆ ಮುಂದೆ ಹೋಗದೆ ಒಂದೇ ಕಡೆ ಹೊಲಿಗೆ ಬೀಳುವ ತೊಂದರೆಯ ಬಗ್ಗೆ ಹಾಕಿದ್ದ ವಿಡಿಯೋದ ಕೆಳಗೆ ಬರೆದಿದ್ದಳು: 'ನಿಮ್ಮನ್ನು ನೋಡಿಕೊಂಡು ಮೂರು ಸಲ ನನ್ನ ಮೆಷಿನ್ ನಾನೇ ಸರಿಮಾಡಿಕೊಂಡಿದ್ದೇನೆ. ಈ ಸಲ ಸೂಜಿ ಕೆಳಗಿನ ತಗಡು ಯಾವಾಗ ತೆಗೆದಿರಿ? ಹತ್ತು ಸಲ ನೋಡಿದೆ. ಮೆಷಿನ್ ಬಿಚ್ಚಿ ನಾಲ್ಕು ದಿನವಾಯಿತು. ನಮ್ಮ ಮೇಲೆ ಬೇಜಾರು ಬಂತೇ?'

ಪುಟ್ಟಿ ಕೂಡಲೇ ವಿಡಿಯೋ ಹಾಕಿ ನೋಡಿದಳು. ತಗಡಿಗೆ ಎರಡು ಸ್ಕ್ರೂ. ಎರಡನೆಯದು ಬಟ್ಟೆ ಒತ್ತುವ ಪಾದದ ಹಿಂದೆ ಅಡಗಿರುತ್ತದೆ, ಪಾದ ಬಿಚ್ಚಿದರೇ ಕಾಣುವುದು. ಆ ಭಾಗವನ್ನೇ ಅವಳು ವಿಡಿಯೋ ಕತ್ತರಿಸಿ ಜೋಡಿಸುವಾಗ ಬಿಟ್ಟುಬಿಟ್ಟಿದ್ದಳು. ಒಂದು ಕ್ಷಣ ತಗಡು ಇದೆ, ಮರುಕ್ಷಣ ಇಲ್ಲ. ಅಕ್ಕ ಅಲ್ಲಿ ತಡವರಿಸಬೇಕಿತ್ತಲ್ಲ? ನೆನಪು ಮಾಡಿಕೊಂಡಳು. ಅಕ್ಕ ಪರದೆ ನೋಡದೆಯೇ ಪಾದ ಬಿಚ್ಚಿ ಪಕ್ಕಕ್ಕಿಟ್ಟಿದ್ದಳು.

"ನಿಮ್ಮಕ್ಕಂಗೆ ಕೆಲಸ ಬಂದುಬಿಟ್ಟಿದೆ ಕಣೇ," ಎಂದ ರಿಪೇರಿ, ಯಾರಿಗೋ ಕಾಯಿಲೆ ಬಂದಿದೆ ಎನ್ನುವ ದನಿಯಲ್ಲಿ.

"ಈಗೇನ್ರೀ ಮಾಡೋದು?"

"ಬೇರೆಯವರನ್ನ ಕೂರಿಸಬೇಕು. ಅಕ್ಕ ನಿನ್ನವರು, ನೀನೇ ಹೇಳು." ಹಾಗೆಂದವನೇ ಮೆಷಿನ್ ಕಟ್ಟೆಯ ಕೆಳಗೆ ನುಸುಳಿ ಬೆಲ್ಟು ನೋಡತೊಡಗಿದ. ಬೆಲ್ಟು ಚೆನ್ನಾಗಿಯೇ ಇತ್ತು.

ಪುಟ್ಟಿ ಬುಧವಾರದ ತನಕ ತಳಮಳಿಸಿದಳು. ಪರೀಕ್ಷೆ ಹೀಗೇ ಮುಂದುವರಿದರೆ ನಂಬಿ ನೋಡುವವರ ಮೆಷಿನ್ನುಗಳು ಬಿಚ್ಚಿದಲ್ಲೇ ಕೂರುತ್ತವೆ. ನಿಲ್ಲಿಸಿದರೆ ಅಕ್ಕ ಮತ್ತೆ ಆ ತಲೆನೋವು, ಕಾಲುನೋವುಗಳ ದಿನಗಳಿಗೆ ಹೋಗುತ್ತಾಳೆ. 'ಅಕ್ಕಾ, ನೀನು ಈಗ ಜಾಣೆ, ಇನ್ನು ಬರಬೇಡ' ಎಂದು ಯಾವ ಬಾಯಲ್ಲಿ ಹೇಳುವುದು?

ಬುಧವಾರ ಬಂತು, ಅಕ್ಕನೂ ಬಂದಳು. ಆವತ್ತಿನದು ದಾರ ಪದೇ ಪದೇ ಕಡಿಯುವ ತೊಂದರೆ. ನಾಲ್ಕನೇ ನಿಮಿಷಕ್ಕೆ ಅಕ್ಕ ತಲೆ ಕೆರೆದುಕೊಂಡಳು. "ಇಲ್ಲಿ ತಿಳೀಲಿಲ್ಲ ಪುಟ್ಟಿ. ಬಾಬಿನ್ ಕೇಸ್ ಯಾವ ಕಡೆಯಿಂದ ಹೊರಗೆ ಬರುತ್ತೆ?"

ರಿಪೇರಿಯ ಮುಖ ಅರಳಿತು. ಅಬ್ಬ, ಅತ್ತಿಗೆಗೆ ಇನ್ನೂ ಬರಲ್ಲ! ಪುಟ್ಟಿಯ ಕಣ್ಣು ಮಾತ್ರ ಅಕ್ಕನ ಕೈ ಮೇಲಿತ್ತು. ಬಲಗೈ ತಲೆ ಕೆರೆಯುತ್ತಿತ್ತು, ಎಡಗೈ ಆಗಲೇ ಬಾಬಿನ್ ಕೇಸನ್ನು ಹೊರತೆಗೆದು ಮಡಿಲಲ್ಲಿಟ್ಟುಕೊಂಡಿತ್ತು.

"ಅಕ್ಕಾ," ಎಂದಳು ಪುಟ್ಟಿ ಮೆಲ್ಲಗೆ. "ಎಷ್ಟು ದಿನದಿಂದ?"

ಅಕ್ಕ ಮಡಿಲು ನೋಡಿಕೊಂಡಳು. ಗುಟ್ಟು ರಟ್ಟಾಗಿತ್ತು. ಕನ್ನಡಕ ತೆಗೆದು ಒರೆಸಿದಳು, ಅದು ಸ್ವಚ್ಛವಾಗಿದ್ದರೂ ಇನ್ನೊಮ್ಮೆ ಒರೆಸಿದಳು.

"ಎರಡು ವರ್ಷ ಆಯ್ತು. ನನಗೆ ಬರುತ್ತೆ ಅಂತ ಗೊತ್ತಾದ್ರೆ ಕರೆಯೋದು ಬಿಡ್ತೀರಿ ಅಂತ ಹೆದರಿಕೆ. ಅದಕ್ಕೇ ಹೊಸಬರು ಎಲ್ಲಿ ನಿಲ್ತಾರೆ ಅಂತ ಊಹೆ ಮಾಡಿ ಅಲ್ಲಲ್ಲಿ ನಿಲ್ತಿದ್ದೆ. ಮೋಸ ಮಾಡ್ತಿರಲಿಲ್ಲ ಪುಟ್ಟಿ, ಸರಿಯಾದ ಕಡೆಯೇ ನಿಲ್ತಿದ್ದೆ. ಆ ತಗಡಿನ ದಿನ ಮಾತ್ರ ಕೈ ತಾನಾಗಿ ಹೋಗಿಬಿಡ್ತು. ಆ ಹೆಂಗಸು ಬರೆದಿದ್ದನ್ನ ನಾನೂ ಓದಿದೆ. ಅವಳ ಮೆಷಿನ್ ಹಾಗೆ ಬಿದ್ದಿರೋದು ನನ್ನಿಂದ." ಎದ್ದು ನಿಂತಳು. "ಇನ್ನು ನಾನು ಬರಲ್ಲ."

ಪುಟ್ಟಿ ಅವಳ ಕೈ ಹಿಡಿದುಕೊಂಡಳು. ಮಾತು ಬಂದದ್ದು ಗೋಡೆಗೆ ಒರಗಿದ್ದವನಿಂದ. ಹೆದರಿದಾಗಲೆಲ್ಲ ಹೇಳಬಾರದ್ದನ್ನೇ ಹೇಳುವುದು ಆ ಮನುಷ್ಯನ ಹುಟ್ಟುಗುಣ.

"ಅತ್ತಿಗೆ, ಈ ಪರೀಕ್ಷೆ ಚಾನೆಲ್‌ಗೆ ಅಂತ ಶುರುಮಾಡಿದ್ದೇ ಅಲ್ಲ! ನಿಮ್ಮನ್ನ ಮನೆಯಿಂದ ಹೊರಗೆ ಎಳೀಬೇಕಿತ್ತು. ಇವಳೇ ಕಟ್ಟಿದ ಕಥೆ ಅದು."

ವಿಡಿಯೋದಲ್ಲಿ ರಿಪೇರಿಯ ಕೈಗಳು ತಮ್ಮಷ್ಟಕ್ಕೆ ದಾರ ಪೋಣಿಸುತ್ತಿದ್ದವು. ಪುಟ್ಟಿ ಗಂಡನನ್ನು ನುಂಗುವ ಹಾಗೆ ನೋಡಿದಳು. ಅಕ್ಕ ಮತ್ತೆ ಕುರ್ಚಿಯಲ್ಲಿ ಕುಳಿತಳು.

"ಅಂದ್ರೆ ನೀವು ನನ್ನ ಮುಂದೆ ಒಂಬತ್ತು ವರ್ಷ ನಾಟಕ ಆಡಿದ್ರಿ. ನಾನು ನಿಮ್ಮ ಮುಂದೆ ಎರಡು ವರ್ಷ," ಎಂದಳು. ತಲೆ ಬಗ್ಗಿಸಿದಳು. ಅಳುತ್ತಾಳೆ ಎಂದು ಪುಟ್ಟಿ ಹತ್ತಿರ ಹೋದರೆ ಅಕ್ಕ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು. ಆಮೇಲೆ ಅತ್ತಳು ಕೂಡ. ತಂಗಿಯೂ ಜೊತೆಗೆ ಅತ್ತಳು. ರಿಪೇರಿ ಇನ್ನೊಮ್ಮೆ ಬೆಲ್ಟು ನೋಡಲು ಹೋದ.

"ನೀನು ಬೇಕು ಅಕ್ಕಾ," ಎಂದಳು ಪುಟ್ಟಿ ಮೂಗೊರೆಸಿಕೊಂಡು. "ನಿನಗೆ ಕೆಲಸ ಬಂದ್ರೂ ಬೇಕು, ಬರದಿದ್ರೂ ಬೇಕು. ಇವರಿಗೆ ಕೆಲಸ ಗೊತ್ತು, ಗೊತ್ತಿಲ್ಲದಾಗ ಹೇಗಿತ್ತು ಅನ್ನೋದು ಮರೆತೇಹೋಗಿದೆ. ನಿನಗೆ ಎರಡೂ ಗೊತ್ತು. ಆ ತಗಡಿನ ಭಾಗದ ವಿಡಿಯೋ ಈಗಲೇ ತೆಗೆಯೋಣ, ನಿನ್ನ ಕೈಯಲ್ಲೇ."

ತೆಗೆದರು. ಅಕ್ಕ ಪಾದ ಬಿಚ್ಚುವ ಮೊದಲು ಬೆರಳಿಟ್ಟು ತೋರಿಸಿ, ಒಂದು ಉಸಿರಿನಷ್ಟು ಹೊತ್ತು ಕಾದಳು. ಎರಡನೇ ಸ್ಕ್ರೂ ಕಾಣುವ ಹಾಗೆ ಮೆಷಿನ್ನನ್ನೇ ಸ್ವಲ್ಪ ತಿರುಗಿಸಿದಳು, ಒಂಬತ್ತು ವರ್ಷದಲ್ಲಿ ರಿಪೇರಿಗೆ ಹಾಗೆ ತಿರುಗಿಸಬೇಕೆಂದು ಅನ್ನಿಸಿರಲಿಲ್ಲ. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಸಂಜೆಯೇ ಆ ತುಣುಕು ಚಾನೆಲ್ಲಿಗೆ ಹೋಯಿತು, ಮಾರನೆಯ ದಿನ ಮಧ್ಯಾಹ್ನಕ್ಕೆ ಆ ಹೆಂಗಸಿನ ಮೆಷಿನ್ ಓಡಿತು.

ಉಳಿದದ್ದು ಒಂದೇ ಪ್ರಶ್ನೆ. ಮುಂದಿನ ಬುಧವಾರ ಕುರ್ಚಿಯಲ್ಲಿ ಯಾರು? ಬೀದಿಯಲ್ಲಿ ವಿಚಾರಿಸೋಣ ಎಂದ ರಿಪೇರಿ. ಚಾನೆಲ್ಲಿನಲ್ಲೇ ಕೇಳಿಬಿಡೋಣ ಎಂದಳು ಪುಟ್ಟಿ.

"ಅದು ನನಗೆ ಬಿಡಿ," ಎಂದಳು ಅಕ್ಕ. "ನಮ್ಮ ಮೇಲಿನ ಮನೆಯ ರಿಟೈರ್ ಆದ ಕಂಡಕ್ಟರ್ ಇದಾರಲ್ಲ, ಹೆಂಡತಿ ತೀರಿಹೋಗಿ ಐದು ತಿಂಗಳಾಯ್ತು. ಮನುಷ್ಯ ಮೆಟ್ಟಿಲಿಳಿದು ಬಂದಿದ್ದನ್ನ ನಾನು ನೋಡಿಲ್ಲ."

"ಅವರಿಗೆ ಮೆಷಿನ್ ಬಗ್ಗೆ ಏನಾದ್ರೂ ಗೊತ್ತಾ ಅತ್ತಿಗೆ?"

"ಸೂಜಿಗೆ ಯಾವ ತುದೀಲಿ ತೂತು ಅಂತಾನೂ ಗೊತ್ತಿರಲಾರದು." ಅಕ್ಕ ಕನ್ನಡಕ ಏರಿಸಿಕೊಂಡು ಬಾಗಿಲ ಕಡೆ ಹೊರಟವಳು ತಿರುಗಿ, ರಿಪೇರಿಯ ಕಡೆ ಬೆರಳು ತೋರಿಸಿದಳು. "ಏನೂ ಗೊತ್ತಿಲ್ಲದವರು ಬೇಕಾಗಿದ್ದಾರೆ ಅಂತಷ್ಟೇ ನಾನು ಅವರಿಗೆ ಹೇಳ್ತೀನಿ. ನೀವು ಮಾತ್ರ ದಯವಿಟ್ಟು ಬಾಯಿ ಬಿಡಬೇಡಿ."